ಮುಚ್ಚಳ ಹಾಕಿದ ಮೇಲೆ

ಮಾರ್ಚ್ ೩, ಮಂಗಳವಾರ
ಲ್ಯಾಬ್. ಎಸಿ ಕೆಟ್ಟಿದೆ. ಬ್ಯಾಡ್ಜಿನ ಆಂಟೆನಾ, ಏಳನೆಯ ಸಲ ತಿದ್ದುತ್ತಿದ್ದೇನೆ. ರೋಗಿ ಎದೆಯ ಮೇಲಿನ ಗುಂಡಿ ಒತ್ತಿದರೆ ನರ್ಸ್ ಮೇಜಿನಲ್ಲಿ ಗಂಟೆ ಹೊಡೆಯಬೇಕು, ಅಷ್ಟೆ. ಮೂರು ಮಿಲಿಮೀಟರ್ ಬೋರ್ಡಿನಲ್ಲಿ ಚೆನ್ನಾಗಿತ್ತು. ಮ್ಯಾನೇಜರ್‌ಗೆ ದಪ್ಪ ಕಂಡಿತು.
"ಬಿಸ್ಕತ್ ಥರ ಇದೆಯಲ್ರೀ. ಎಲೆ ಥರ ಮಾಡಿ."
ತೆಳುವಾದಷ್ಟೂ ಆಂಟೆನಾ ಕೆಲಸ ಮಾಡುವ ಬ್ಯಾಂಡ್ ಕಿರಿದಾಗುತ್ತದೆ, ತರಂಗ ಸ್ವಲ್ಪ ಆಚೀಚೆಯಾದರೂ ಕೆಲಸ ಕೆಡುತ್ತದೆ ಎಂದೆ. ಮೂರು ಸಲ.
"ಎಲ್ಲದಕ್ಕೂ ಕೊಕ್ಕೆ ಹಾಕ್ತೀರಿ ನೀವು."

ಮಾರ್ಚ್ ೫
ಎಂಟು ನೂರು ಮೈಕ್ರಾನ್ ಬೋರ್ಡ್, ಒಂದು ಮಿಲಿಮೀಟರಿಗೂ ಕಡಿಮೆ. ತಗ್ಗು ಬಿದ್ದಲ್ಲೇ ಸಿಗ್ನಲ್ ಚೆನ್ನಾಗಿ ಹೊರಡುವುದು; ನಮಗೆ ಬೇಕಾದ ೨.೪೫ ಗಿಗಾಹರ್ಟ್ಸ್‌ಗೆ ಸರಿಯಾಗಿ ಗ್ರಾಫಿನಲ್ಲಿ ತಗ್ಗು, ಬಾವಿಯಷ್ಟು ಆಳ. ಇನ್ನೇನು ಬೇಕು ಎಂದುಕೊಂಡೆ. ರಿಪೋರ್ಟಿಗೆ ಸಹಿ ಹಾಕಿದೆ.

ಮಾರ್ಚ್ ೧೪, ಶನಿವಾರ, ಸಂಜೆ ೬
ಅಕ್ಕನ ಫೋನ್. ನರ್ಸ್. ಅವಳ ವಾರ್ಡಿಗೇ ಹತ್ತು ಬ್ಯಾಡ್ಜ್ ಪ್ರಯೋಗಕ್ಕೆ ಹೋಗಿವೆ.
"ನಿನ್ ಡಬ್ಬಿ ಬಾಯೇ ಬಿಡಲ್ಲ ಕಣೇ. ಕೊನೇ ಮಂಚದ ಅಜ್ಜಿ ಅರ್ಧ ಗಂಟೆ ಒತ್ತಿದಾರೆ. ನಾನು ಹೋದಾಗ ಬೆರಳು ಇನ್ನೂ ಅದರ ಮೇಲೇ ಇತ್ತು."
"ಏನಾಗಿತ್ತು?"
"ಉಸಿರು ಸಿಕ್ತಿರ್ಲಿಲ್ಲ. ಈಗ ಪರವಾಗಿಲ್ಲ."
ಬ್ಯಾಟರಿ ಇರಬೇಕು ಎಂದೆ. ಬರೆಯುವಾಗ ಮೈ ಉರಿಯುತ್ತಿದೆ.

ಮಾರ್ಚ್ ೧೬
ಬ್ಯಾಟರಿ ಅಲ್ಲ. ಅಳೆಯುವ ಕೇಬಲ್ ಸಿಕ್ಕಿಸಬೇಕಾದರೆ ಬ್ಯಾಡ್ಜಿನ ಮುಚ್ಚಳ ತೆಗೆಯಲೇಬೇಕು. ಏಳು ಸಲವೂ ತೆಗೆದೇ ಅಳೆದೆ. ಹನ್ನೊಂದು ವರ್ಷದ ಅನುಭವವಂತೆ ನನಗೆ.
ಬೆಸುಗೆ ಹಾಕುವ ಹಿರಿಯರು ಮುಚ್ಚಳಕ್ಕೇ ತೂತು ಕೊರೆದು ಕೇಬಲ್ ತೂರಿಸಿದರು. ಮುಚ್ಚಳ ಕೂತಿತು, ತಗ್ಗು ಎಡಕ್ಕೆ ಜಾರಿತು. ೨.೪೧. ನಮಗೆ ಬೇಕಾದ ಜಾಗದಲ್ಲಿ ಗ್ರಾಫ್ ಸಪಾಟು. ಹಳೆಯ ದಪ್ಪ ಬೋರ್ಡೂ ಅಷ್ಟೇ ಜಾರಿತು. ಅದರ ತಗ್ಗು ಅಗಲ, ತಡೆದುಕೊಂಡಿತು.
"ಟೋಪಿ ಚೆನ್ನಾಗ್ ಕಾಣುತ್ತಾ ಅಂತ ಟೋಪಿ ತೆಗೆದು ಕನ್ನಡಿ ನೋಡಿದ್ವಲ್ಲಮ್ಮ," ಎಂದರು.
ನಗು ಬರಲಿಲ್ಲ.

ಮಾರ್ಚ್ ೧೮
ಎರಡೂ ಗ್ರಾಫ್ ಮ್ಯಾನೇಜರ್ ಮೇಜಿನ ಮೇಲಿಟ್ಟೆ.
"ಹತ್ತಿರದ ಮಂಚದವು ಬಡಕೊಳ್ತಾ ಇವೆಯಲ್ರೀ."
"ದೂರದವರು ಏನ್ ಮಾಡ್ಬೇಕು ಸಾರ್?"
"ಹತ್ತಿರ ಮಲಗಿಸ್ಲಿ." ಕಾಫಿ ಗುಟುಕರಿಸಿದರು. ಹೊಸ ಗ್ರಾಫನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಹಳೇದಕ್ಕೆ ಸಹಿ ನಿಮ್ದೇ ಅಲ್ವಾ? ಯೋಚ್ನೆ ಮಾಡಿ."
ಆ ಕಪ್ಪನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಎದ್ದು ಬಂದೆ. ಬಾಗಿಲನ್ನು ಮೆಲ್ಲಗೇ ಹಾಕಿದೆ — ಅದಕ್ಕೂ ಸಿಟ್ಟು.

ಮಾರ್ಚ್ ೧೯
ನಾಳೆ ಹನ್ನೊಂದಕ್ಕೆ ಆಸ್ಪತ್ರೆಯ ಸಭೆ. ನಾನೂರು ಬ್ಯಾಡ್ಜ್ ತೆಗೆದುಕೊಳ್ಳುವ ನಿರ್ಧಾರ. ತೋರಿಸುವುದು ನನ್ನ ಸಹಿಯ ಹಳೆಯ ಗ್ರಾಫ್. ನನ್ನನ್ನು ಕರೆದಿಲ್ಲ.
ಹೋಗುತ್ತೇನೆ. ಅಕ್ಕನಿಗೂ ಹೇಳಿಲ್ಲ, ಬೇಡ ಎಂದಾಳು. ಕೆಲಸ ಹೋಗುವುದು ಖಂಡಿತ. ಮ್ಯಾನೇಜರ್ ಮೇಲೆ ಹರಿಹಾಯಬಾರದು. ಹಾಗೆ ಮಾಡಿದರೆ ಇದು ಆಫೀಸಿನ ಜಗಳವಾಗಿಬಿಡುತ್ತದೆ. ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ಮೊದಲ ಮಾತು: ಅಳೆದವಳು ನಾನು, ತಪ್ಪಾಗಿ ಅಳೆದಿದ್ದೇನೆ. ಎರಡನೆಯದು: ಮುಚ್ಚಳ ಹಾಕಿದ ಮೇಲೆ —