ಅಂಗಳದ ಹಗ್ಗದ ಮ್ಯಾಲಿನ ಬಟ್ಟಿ

೧೨ ಡಿಸೆಂಬರ್ ೨೦೨೪, ಗುರುವಾರ

ನಿನ್ನೆ ಎಂಟನೇ ಕ್ಲಾಸಿನ ಹುಡುಗ್ಯಾರಿಗೆ, ಮುಟ್ಟಿನ ಬಟ್ಟಿ ತೊಳದು ಬಿಸಿಲಾಗ ಒಣಗಿಸ್ರಿ, ಕತ್ತಲ ಮೂಲ್ಯಾಗ ಮುಚ್ಚಿಡಬ್ಯಾಡ್ರಿ ಅಂದಿದ್ನಿ. ಅವರೊಳಗಿನ ಸವಿತಾ ಮನಿಗೆ ಹೋದಾಕಿನ ಅಂಗಳದ ಹಗ್ಗದ ಮ್ಯಾಲ ಹಾಕಿಬಿಟ್ಟಾಳ. ಊರೆಲ್ಲಾ ಅದ ಮಾತು.

ಮಧ್ಯಾಹ್ನ ಅಕಿ ಅಜ್ಜಿ ಫಕ್ಕೀರವ್ವ ಸೀದಾ ಕ್ಲಾಸಿಗೇ ಬಂದ್ಲು. "ಗಂಡಸರು ಅಡ್ಡ್ಯಾಡೂ ಅಂಗಳರೀ ಟೀಚರ್. ನೋಡಿದಾವ್ರು ಏನಂತಾರ?"

ನಾ ಬಾಯಿ ತೆಗಿಯೂದ್ರಾಗ ಸವಿತಾ ಎದ್ದು ನಿಂತ್ಲು. "ಆಯೀ, ಅಪ್ಪನ ಚಡ್ಡಿ ದಿನಾ ಅದ ಹಗ್ಗದ ಮ್ಯಾಲ ಇರತೈತಿ. ನಾವೇನರ ಅಂತೇವೇನು?"

ಮೊದಲ ನಕ್ಕಾಕಿ ಫಕ್ಕೀರವ್ವನ! ಸೆರಗಿಲೆ ಕಣ್ಣ ಒರಸ್ಕೋತ ನಕ್ಕಳು. ಆಮ್ಯಾಲ ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕಿದ್ದ ನಕ್ಕಿದ್ದು.

ನಗಿ ನಿಂತ ಮ್ಯಾಲ ಫಕ್ಕೀರವ್ವ ಹುಡುಗ್ಯಾರ ನಡುವ ಬೆಂಚಿನ ಮ್ಯಾಲ ಕುಂತ್ಲು. "ನನಗ ಮೊದಲ ಸಲ ಆದಾಗ, ಸತ್ತ ಹೊಕ್ಕೇನಿ ಅಂತ ಜ್ವಾಳದ ಹೊಲದಾಗ ಅಡಗಿ ಕುಂತು ಅತ್ತಿದ್ನಿ. ಯಾರೂ ಏನೂ ಹೇಳಿರಲಿಲ್ಲ. ಯಾಕ ಆಗತೈತ್ರಿ ಇದು? ನನಗೂ ಹೇಳ್ರಿ."

ಬೋರ್ಡಿನ ಮ್ಯಾಲ ಗರ್ಭಕೋಶದ ಚಿತ್ರ ಮತ್ತ ಬರದ್ನಿ. ಹುಡುಗ್ಯಾರಿಗಿಂತ ಅಕಿನ ಹೆಚ್ಚ ಪ್ರಶ್ನೆ ಕೇಳಿದ್ಲು. ಗಂಟಿ ಹೊಡದ್ರೂ ಒಬ್ಬಾಕಿನೂ ಏಳಲಿಲ್ಲ.

ಕಡೀಕ ಮೆಲ್ಲಕ ಕೇಳಿದ್ಲು: "ಅಂದ್ರ, ನನ್ನ ಮೈಯಾಗ ಹೊಲಸು ಏನೂ ಇರಲಿಲ್ಲೇನ್ರಿ?"

"ಏನೂ ಇರಲಿಲ್ಲಬೇ ಯಮ್ಮಾ."

ಆಗ ಅಕಿ ಮಾರಿ ಅರಳಿದ್ದು... ಅದನ್ನ ಹೆಂಗ ಬರೀಲಿ. ಕಣ್ಣ ಮುಚ್ಚಿದ್ರ ಅದ ಮಾರಿ ಕಾಣತೈತಿ, ನಿದ್ದಿ ಬರವಲ್ದು, ಬರದಿದ್ರ ಬ್ಯಾಡ.