ರಬ್ಬರ್ ಶೀಟಿನೊಳಗಿನ ಕೋವಿ

ರಾಮಕುಂಜ
18-04-2024

ಪ್ರೀತಿಯ ರವೂಫನಿಗೆ,

ನಿನ್ನ ಉತುಪ್ ಮಾಡುವ ಸಲಾಂ. ಇಲ್ಲಿ ನಾನು, ಏಲಿಕುಟ್ಟಿ, ಎರಡು ದನ, ಎಲ್ಲರೂ ಕ್ಷೇಮ. ದಮಾಮಿನಲ್ಲಿ ನಿನ್ನ ಮೊಣಕಾಲು ಹೇಗಿದೆ? ರಂಜಾನ್ ಪೆರ್ನಾಲು ಕಳೆದು ವಾರವಾದ ಮೇಲೆ ಹಬ್ಬದ ಶುಭಾಶಯ ಹೇಳುತ್ತಿದ್ದೇನೆ, ಬೈಯಬೇಡ. ಹಬ್ಬದ ದಿನವೇ ಬರೆಯಲು ಕುಳಿತವನು ಮೂರು ಕಾಗದ ಹರಿದು ಎಸೆದೆ. ಶಾಲೆಯಲ್ಲಿ ಪಂಡಿತರು ಕಿವಿ ಹಿಂಡಿ ಕಲಿಸಿದ ಕಾಗುಣಿತ ಮರೆತುಹೋಗಿದೆ ಎಂದು ತಿಳಿದುಕೋ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನು ಮಾಡಿದರೆ ನೀನು ಸ್ಪೀಕರ್ ಹಾಕಿ ಮೀನು ಹುರಿಯುತ್ತೀ. ನಾನು ಕೇಳಿದ್ದಕ್ಕೆ ನಿನ್ನ ರೂಮಿನ ಐದು ಜನ ಉತ್ತರ ಕೊಡುತ್ತಾರೆ. ಇದು ಐದು ಜನ ಕೇಳುವ ಸಂಗತಿಯಲ್ಲ. ನಿನ್ನ ಭಾವಮೈದ ನೌಷಾದ್ ನಾಳೆ ವಿಮಾನ ಹತ್ತುತ್ತಾನೆ. ಅವನು ಒಯ್ಯುವ ಹಲ್ವದ ಪೆಟ್ಟಿಗೆಯ ಅಡಿಯಲ್ಲಿ ಇದನ್ನು ಇಡುತ್ತಿದ್ದೇನೆ.

ಸಂಗತಿ ಇಷ್ಟು. ನಿನ್ನ ತಮ್ಮ ಅಸ್ಕರ್ ಮೂರು ವಾರದಿಂದ ನನ್ನ ಫೋನು ಎತ್ತುತ್ತಿಲ್ಲ. ಹದಿನೆಂಟು ವರ್ಷ ನಮ್ಮ ರಬ್ಬರ್ ಹೊತ್ತವನ ಪಿಕಪ್ ಈಗ ನಮ್ಮ ಗೇಟಿನ ಮುಂದೆ ಹಾರ್ನ್ ಕೂಡ ಹಾಕದೆ ಹೋಗುತ್ತದೆ. ಅಣ್ಣನ ಮಾತನ್ನು ಅವನು ಮೀರುವುದಿಲ್ಲ. ನೀನು ಒಂದು ಮಾತು ಹೇಳಿ ಅವನನ್ನು ನಮ್ಮ ಮನೆಗೆ ಕಳುಹಿಸಬೇಕು. ಅದಕ್ಕೇ ಈ ಕಾಗದ.

ಎಲ್ಲಕ್ಕೂ ಮೂಲ ನನ್ನ ಕೋವಿ. ಅಪ್ಪನ ಕಾಲದ್ದು, ಬೆಳೆ ಕಾಯಲೆಂದು ಸರಕಾರ ಲೈಸೆನ್ಸ್ ಕೊಟ್ಟದ್ದು, ನಿನಗೆ ಗೊತ್ತು. ಮೂವತ್ತು ವರ್ಷದಲ್ಲಿ ನಾನು ಅದರಿಂದ ಉರುಳಿಸಿದ್ದು ಒಂದು ಹಲಸಿನಕಾಯಿ ಮಾತ್ರ; ಅದೂ ಹಂದಿಗೆ ಹಿಡಿದ ಗುರಿ. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಮಲಗಬೇಕು, ಫಲಿತಾಂಶ ಬಂದ ಮೇಲೆಯೇ ವಾಪಸು. ನಮ್ಮ ನೆರೆಯ ಕುಶಾಲಪ್ಪ ಗೌಡರು ಹೇಳುವುದು ಕೇಳು: "ಹಂದಿಗಳಿಗೆ ಚುನಾವಣೆ ತಾರೀಕು ನಮಗಿಂತ ಮೊದಲೇ ಗೊತ್ತಾಗ್ತದೆ ಮಾರಾಯ್ರೆ. ಕೋವಿ ಠಾಣೆಗೆ ಹೋದ ದಿನವೇ ಮರಗೆಣಸಿನ ಬುಡದಲ್ಲಿ ಅವುಗಳ ಸಭೆ."

ಕಳೆದ ಸಲ ಕೋವಿಯನ್ನು ಹೆಗಲಿಗೆ ಹಾಕಿ ಬಸ್ಸಿಗೆ ನಿಂತಿದ್ದೆ. ಕಂಡಕ್ಟರ್ ಹತ್ತಿಸಲಿಲ್ಲ. ಅಲ್ಲಿದ್ದವರೆಲ್ಲ, "ಉತುಪ್ಪಣ್ಣ, ಎಷ್ಟು ಕಿಲೋ ಬಿತ್ತು? ನಮಗೆ ಒಂದು ಪಾಲು ಉಂಟಾ?" ಎಂದು ಶುರು ಮಾಡಿದರು. ಆದ್ದರಿಂದ ಈ ಸಲ ನಾನು ಒಂದು ಬುದ್ಧಿ ಉಪಯೋಗಿಸಿದೆ. ಏಲಿಕುಟ್ಟಿಯ ಹೂವಿನ ನೈಟಿಯಲ್ಲಿ ಕೋವಿಯನ್ನು ಸುತ್ತಿ, ರಬ್ಬರ್ ಶೀಟುಗಳ ನಡುವೆ ಇಟ್ಟು, ಹಗ್ಗ ಬಿಗಿದು ಅಸ್ಕರನ ಪಿಕಪ್ಪಿಗೆ ಹಾಕಿಸಿದೆ. ಮೊದಲು ಠಾಣೆ, ಆಮೇಲೆ ರಬ್ಬರ್ ಅಂಗಡಿ.

ನನ್ನನ್ನೂ ಅಣ್ಣನೆಂದೇ ಕರೆಯುವ ಅಸ್ಕರ್ ಬೇಡವೆಂದ. "ಚೇಟ, ಲೈಸೆನ್ಸ್ ಇರುವ ಕೋವಿಯನ್ನು ಕದ್ದ ಕೋವಿಯ ಹಾಗೆ ಯಾಕೆ ಕೊಂಡೋಗುದು? ಮುಂದೆ ಸೀಟಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಿ."

ಏಲಿಕುಟ್ಟಿ ಅಡುಗೆಮನೆಯಿಂದಲೇ, "ಅವರಿಗೆ ಹೇಳುದೂ ಒಂದೇ, ಕಲ್ಲಿಗೆ ನೀರು ಹೊಯ್ಯುದೂ ಒಂದೇ" ಎಂದಳು. ಅವಳಿಗೆ ಅಂದು ಬೇರೆಯೇ ಗಡಿಬಿಡಿ. ಪೆಸಹಾ ಗುರುವಾರ. ಸಂಜೆ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಈ ವರ್ಷ ಆ ಹನ್ನೆರಡರಲ್ಲಿ ನಾನೂ ಒಬ್ಬ. ಪಾದ್ರಿಗಳ ಎದುರು ಮರ್ಯಾದೆ ಹೋಗಬಾರದೆಂದು ಅವಳು ಬೆಳಿಗ್ಗೆಯೇ ನನ್ನ ಹಿಮ್ಮಡಿಯನ್ನು ಕಲ್ಲಿನಲ್ಲಿ ಉಜ್ಜಿ ಕೆಂಪು ಮಾಡಿದ್ದಳು.

ಕಡಬಕ್ಕೆ ಸ್ವಲ್ಪ ಮೊದಲು ಚುನಾವಣೆಯ ಚೆಕ್‌ಪೋಸ್ಟ್. ಘಟ್ಟದ ಮೇಲಿನಿಂದ ಡ್ಯೂಟಿಗೆ ಬಂದವರು, ಹಣ ಮತ್ತು ಹೆಂಡ ಹುಡುಕುತ್ತಿದ್ದರು. ಒಬ್ಬ ಪೊಲೀಸ್ ನಮ್ಮ ಶೀಟಿನ ಕಟ್ಟಿಗೆ ಲಾಠಿಯಿಂದ ತಿವಿದ. ಠಕ್ ಎಂದಿತು. ಇನ್ನೊಮ್ಮೆ ತಿವಿದು, "ಏನ್ರೀ, ನಿಮ್ಮೂರಲ್ಲಿ ರಬ್ಬರ್ ಸದ್ದು ಮಾಡುತ್ತಾ?" ಎಂದು ಕೇಳಿದ. ಬಿಸಿಲಿಗೆ ಶೀಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಇಬ್ಬರು ಆ ಕಡೆಯಿಂದ, ಇಬ್ಬರು ಈ ಕಡೆಯಿಂದ ಹಿಡಿದು ಎಳೆದರು. ಒಬ್ಬನ ಟೊಪ್ಪಿ ಬಿತ್ತು. ಕೊನೆಗೆ ಹೂವಿನ ನೈಟಿ ಉಟ್ಟ ನನ್ನ ಕೋವಿಯೂ ರಸ್ತೆಗೆ ಬಿತ್ತು.

ಸಾಹೇಬರು ಎರಡು ಹೆಜ್ಜೆ ಹಿಂದೆ ಹಾರಿ, "ಕೈ ಮೇಲೆತ್ರೀ" ಎಂದರು. ನಾನು ಎತ್ತಿದೆ, ಅಸ್ಕರ್ ಎತ್ತಿದ. ಹಿಂದೆ ಸ್ಕೂಟರಿನಲ್ಲಿದ್ದ ಮೀನಿನವನೂ ಎತ್ತಿದ; ಅವನಿಗೆ ಯಾರೂ ಹೇಳಿರಲಿಲ್ಲ.

ಗಾಡಿ ಅಸ್ಕರನದ್ದಲ್ಲವೇ, ಆ ಗಡಿಬಿಡಿಯಲ್ಲಿ ಅವರು ಕೋವಿಯೂ ಅವನದ್ದೇ ಎಂದು ತಿಳಿದರು. ಅವನನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿದರು. ನನಗೆ ಬಿಪಿ ಎಂದು ಟೆಂಟಿನೊಳಗೆ ಕುರ್ಚಿ ಕೊಟ್ಟರು, ಲಿಂಬೆ ಶರಬತ್ತು ತರಿಸಿದರು. ಅಸ್ಕರನಿಗೆ ಉಪವಾಸ, ಕೊಟ್ಟಿದ್ದರೂ ಕುಡಿಯುತ್ತಿರಲಿಲ್ಲ. ಹೀಗೇ ಒಂದೂವರೆ ಗಂಟೆ ಹೋಯಿತು.

ಆ ಹೊತ್ತಿಗೆ ಕುಶಾಲಪ್ಪ ಗೌಡರು ಬೈಕಿನಲ್ಲಿ ಬಂದರು. ಕೋವಿ ನೋಡಿ, "ಇದು ನಮ್ಮ ಉತುಪ್ಪಣ್ಣನದ್ದಲ್ವಾ ಸಾರ್? ಇದಕ್ಕೆ ಹೆದರುದು ಎಂತಕ್ಕೆ? ಹಲಸಿನಕಾಯಿ ಬಿಟ್ಟು ಇದರಿಂದ ಯಾರೂ ಸತ್ತವರಿಲ್ಲ" ಎಂದರು. ಆಗ ನಾನು ಲೈಸೆನ್ಸ್ ಪುಸ್ತಕ ತೋರಿಸಿದೆ. ಸಾಹೇಬರು ನಂಬರ್ ನೋಡಿ, ಠಾಣೆಗೆ ಫೋನು ಮಾಡಿ ವಿಚಾರಿಸಿ, ನಮ್ಮನ್ನು ಬಿಟ್ಟರು. ಠಾಣೆಯಲ್ಲಿ ಕೊಟ್ಟ ರಶೀದಿಯಲ್ಲಿ "ಕೋವಿ ಒಂದು, ಬಟ್ಟೆ ಒಂದು" ಎಂದು ಬರೆದಿದ್ದಾರೆ. ಏಲಿಕುಟ್ಟಿ ತನ್ನ ನೈಟಿಗೆ ಇನ್ನು ಜೂನ್ ತನಕ ಕಾಯಬೇಕು.

ಅಂದು ನನ್ನನ್ನು ಇಗರ್ಜಿಯ ಹತ್ತಿರ ಇಳಿಸಿ ಹೋದ ಅಸ್ಕರ್ ಮತ್ತೆ ಬರಲಿಲ್ಲ. ಪೆರ್ನಾಲಿನ ಮರುದಿನ ಎರಡು ಅನಾನಸು ಹಿಡಿದುಕೊಂಡು ಅವನ ಮನೆಗೆ ಹೋದೆ. ಅವನ ಹೆಂಡತಿ ಝೈನಬ ಚಹಾ ಕೊಟ್ಟು, "ಅವರು ಮನೆಯಲ್ಲಿಲ್ಲ ಚೇಟ" ಎಂದಳು. ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಹದಿನೆಂಟು ವರ್ಷ ಕೇಳಿದ ಕೆಮ್ಮು, ನನಗೆ ಗುರುತು ಹತ್ತುವುದಿಲ್ಲವೇ? ತುಂಬ ಸಂಕಟವಾಯಿತು ರವೂಫ್. ಚಹಾ ಅರ್ಧ ಬಿಟ್ಟು ಎದ್ದು ಬಂದೆ.

ಒಂದು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಅವನಿಗೆ ಹೇಳು. ಹಲ್ವವನ್ನು ರೂಮಿನವರಿಗೂ ಕೊಟ್ಟು ತಿನ್ನು. ನಿನ್ನ ಮಕ್ಕಳಿಗೆ ಒಳ್ಳೆಯದಾಗಲಿ, ನಿನ್ನ ಮೊಣಕಾಲಿಗೂ ದೇವರು ಬಲ ಕೊಡಲಿ.

ನಿನ್ನ ಬೆಂಚಿನವನು,
ಉತುಪ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಏಲಿಕುಟ್ಟಿ ಬಂದು, "ಅದನ್ನು ಬರೆದ್ರಾ?" ಎಂದು ಕೇಳಿದಳು. ಬರೆದಿರಲಿಲ್ಲ. ಅವಳೇ ಲಕೋಟೆ ಬಿಡಿಸಿ ಪೆನ್ನು ಕೊಟ್ಟಳು.

ಪೊಲೀಸರು ತಪ್ಪು ತಿಳಿದದ್ದಲ್ಲ. ಕೋವಿ ಯಾರದ್ದೆಂದು ಮೊದಲು ನನ್ನನ್ನೇ ಕೇಳಿದರು. "ಗೊತ್ತಿಲ್ಲ ಸಾರ್, ಗಾಡಿ ಅವನದ್ದು" ಎಂದೆ. ಲೈಸೆನ್ಸ್ ಪುಸ್ತಕ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹೆದರಿಕೆಯಲ್ಲಿ ಬಾಯಿಗೆ ಬಂದ ಮಾತು, ಹೌದು. ಆದರೆ ಹೆದರಿಕೆ ಐದು ನಿಮಿಷಕ್ಕೆ ಇಳಿದಿತ್ತು. ಆಮೇಲೂ ನಾನು ಸುಮ್ಮನೆ ಕುಳಿತೆ. ಅವರು ಅಸ್ಕರನ ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ನಾನು ಶರಬತ್ತು ಕುಡಿಯುತ್ತಾ ಅದನ್ನೆಲ್ಲ ಕೇಳಿಸಿಕೊಂಡೆ. ಅವನು ಒಮ್ಮೆ ನನ್ನ ಜೇಬು ನೋಡಿದ. ಪುಸ್ತಕ ಚೇಟನ ಹತ್ತಿರ ಉಂಟು ಎಂದು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ನಾನೇ ಹೇಳುತ್ತೇನೆಂದು ಕಾದಿರಬೇಕು.

ಮೇಲೆ ಬರೆದದ್ದನ್ನು ಬಿಟ್ಟುಬಿಡು. ಅವನಿಗೆ ಏನೂ ಹೇಳಬೇಡ. ಪೆರ್ನಾಲಿನ ಸಂಜೆ ನೀನು ಫೋನು ಮಾಡಿ, "ನೀನು ಅಲ್ಲಿರುವ ಕಾರಣ ನನಗೆ ತಮ್ಮನ ಚಿಂತೆ ಇಲ್ಲ ಮಾರಾಯ" ಎಂದು ನಕ್ಕೆಯಲ್ಲ, ಅವನು ನಿನಗೂ ಹೇಳಿಲ್ಲವೆಂದು ನನಗೆ ಆಗ ಗೊತ್ತಾಯಿತು.