ಅಜ್ಜಿಯ ಹೊಸ ಫೋನಿನಲ್ಲಿ ನನ್ನ ಹೆಸರು

ದೇವದುರ್ಗದಲ್ಲಿರುವ ಮೊಮ್ಮಗಳು ಚಿ. ಕಾವ್ಯಾಳಿಗೆ, ಮಾನವಿಯಿಂದ ನಿನ್ನ ಅಜ್ಜ ಮಾಡುವ ಬಿನ್ನಹ.

ವಿಷಯ: ನಿನ್ನ ಅಜ್ಜಿಗೆ ಹೊಸ ಫೋನು ಆರಿಸಿದ ಬಗ್ಗೆ.

ಅಜ್ಜಿಯ ಹಳೆಯ ಫೋನು ಕಾಲುವೆಗೆ ಬಿದ್ದು ಕೆಟ್ಟಿರುವುದು ನಿನಗೆ ತಿಳಿದ ಸಂಗತಿ. ತಂಗಿಯ ಆರೈಕೆಗೆಂದು ಆಕೆ ಒಂದು ತಿಂಗಳು ಚೀಕಲಪರ್ವಿಯಲ್ಲಿ ಇರಲಿದ್ದಾಳೆ. ಅಕ್ಷರ ಬಾರದ ಆಕೆ ಬೇಕೆಂದಾಗ ನನಗೆ ಕರೆ ಮಾಡುವಂತಿರಬೇಕು ಎಂಬುದೇ ನನ್ನ ಮುಖ್ಯ ಷರತ್ತು.

ಅದರಂತೆ, ನೀನು ಸೂಚಿಸಿದ ಎರಡೂ ಫೋನುಗಳನ್ನು ಇಲ್ಲಿಯ ಕೊಟ್ರೇಶನ ಮೊಬೈಲ್ ಅಂಗಡಿಯಲ್ಲಿ ಹೋಲಿಸಿ ನೋಡಲಾಯಿತು. ಒಂಬತ್ತು ಸಾವಿರದ್ದಕ್ಕೆ ಬ್ಯಾಟರಿ ದೊಡ್ಡದು. ಹನ್ನೆರಡು ಸಾವಿರದ್ದಕ್ಕೆ ಧ್ವನಿ ಜೋರು. ಅದಕ್ಕೆ ಹೆಸರು ಹೇಳಿದರೆ ಸಾಕು, ತಾನೇ ಕರೆ ಹಚ್ಚುತ್ತದೆ.

"ಅಜ್ಜಾರ ಹೆಸರು ಹೇಳ್ರಿ ಯವ್ವಾ," ಎಂದ ಕೊಟ್ರೇಶ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಗಂಡನ ಹೆಸರು ಹಿಡಿದು ಕರಿ ಅಂತೀಯೇನಪಾ? ಸಾಯೋತನಕ ಕರಿಯಾಕಿ ಅಲ್ಲ ನಾ," ಎಂದಳು.

"ಮತ್ತ ಮನ್ಯಾಗ ಹೆಂಗ ಕರೀತೀರಿ?"

"ಏನ್ರಿ ಅಂತೀನಿ."

ಆತ ಆಕೆಯ ಸಿಮ್ ಹಾಕಿ, ನನ್ನ ಹೆಸರಿನ ಜಾಗದಲ್ಲಿ ಅದನ್ನೇ ಬರೆದ. ಅಜ್ಜಿ ನಾಚುತ್ತ, "ಏನ್ರಿಗೆ ಫೋನ್ ಹಚ್ಚು," ಎಂದೊಡನೆ ನನ್ನ ಜೇಬಿನ ಫೋನು ರಿಂಗಣಿಸತೊಡಗಿತು. ಆಕೆ ಪಕ್ಕದಲ್ಲೇ ನಿಂತಿದ್ದರೂ ನಾನು ಅದನ್ನು ಎತ್ತಿ, "ಹೇಳು," ಎಂದೆ.

ಆದಕಾರಣ ದುಬಾರಿಯದನ್ನೇ ಖರೀದಿಸಿರುತ್ತೇನೆ. ಭಾನುವಾರ ನೀನು ಬಂದಾಗ ಉಳಿದವರ ಹೆಸರುಗಳನ್ನು ಸೇರಿಸಿಕೊಡತಕ್ಕದ್ದು. ನನ್ನ ಹೆಸರನ್ನು ಮಾತ್ರ ತಿದ್ದಬಾರದಾಗಿ ವಿನಂತಿ.

ಇಂತಿ ನಿನ್ನ ಅಜ್ಜ,
ವಿರೂಪಣ್ಣ ಉರ್ಫ್ ಏನ್ರಿ